ಹಂಡೆಯ ತಾಮ್ರ

ಬೆಂಜಮಿನ್ ಗ್ರೀಸಿಗೆ, ಹೊಗೆಗೆ, ಬೆವರಿಗೆ ಮೂಗು ಮುರಿದವನಲ್ಲ. ಕಾಪುವಿನ ಬಸ್ಸು ಕಟ್ಟುವ ಶೆಡ್ಡಿನಲ್ಲಿ ಹತ್ತು ವರ್ಷದಿಂದ ತಗಡು ಕೂಡಿಸುವ ರಿವೆಟ್ ಹೊಡೆಯುವವನಿಗೆ ಅದೆಲ್ಲ ಯಾವ ಲೆಕ್ಕ? ಆದರೆ ಕೆಟ್ಟ ಕೆಲಸ ಕಂಡರೆ ಮಾತ್ರ ಅವನಿಗೆ ಹೇಸಿಗೆಯಾಗುತ್ತಿತ್ತು. ಅಂಥದೊಂದು ಕೆಲಸ ಚಕ್ರಗಳ ಮೇಲೆ ಕೂತು ಶೆಡ್ಡಿಗೇ ಬಂತು, ಅರವತ್ತೊಂದನೇ ಇಸವಿಯ ದೀಪಾವಳಿ ಕಳೆದ ಮೇಲೆ.

ಅದೊಂದು ಕ್ಯಾರವಾನ್. ಕಾರಿನ ಹಿಂದೆ ಕಟ್ಟಿ ಎಳೆಯುವ ಅಲ್ಯುಮಿನಿಯಂ ಗಾಡಿಮನೆ. ಕಾಫಿ ತೋಟದ ಬಿಳಿ ದೊರೆಯೊಬ್ಬ ಬಿಟ್ಟುಹೋದದ್ದನ್ನು ಯಾರೋ ಪುಣ್ಯಾತ್ಮರು ಕಡಲ ಬದಿಗೆ ತಂದು ಹತ್ತು ಹನ್ನೆರಡು ವರ್ಷ ಒಣಮೀನು ತುಂಬಿಸಿದ್ದರು. ಈಗ ಕಾರ್ಕಳದ ಧರ್ಮಪಾಲ ಹೆಗ್ಡೆಯವರು ಕೊಂಡು, ಹಳ್ಳಿಹಳ್ಳಿಗೆ ಔಷಧಿ ಒಯ್ಯುವ ಗಾಡಿ ಮಾಡಿಸುತ್ತೇನೆ ಎಂದಿದ್ದರು. ಬಾಗಿಲು ತೆಗೆದದ್ದೇ ತಡ, ಒಳಗಿನ ನಾತಕ್ಕೆ ಜೊತೆಗಾರ ವಾಸು ಓಡಿಹೋಗಿ ತೆಂಗಿನ ಬುಡದಲ್ಲಿ ವಾಂತಿ ಮಾಡಿದ.

ನಾತವನ್ನು ಬೆಂಜಮಿನ್ ತಡೆದುಕೊಂಡ. ಬಣ್ಣ ಕೆರೆದಾಗ ಕಂಡದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಒಂದು ಕಡೆಯ ಗೋಡೆಗೆ ಪೂರಾ ತಾಮ್ರದ ರಿವೆಟ್! ದೋಣಿಯ ಹಲಗೆಗೆ ಹೊಡೆಯುವ ತಾಮ್ರದ ಮೊಳೆಯನ್ನೇ ತಂದು ಅಲ್ಯುಮಿನಿಯಂ ತಗಡಿಗೆ ಜಡಿದಿದ್ದರು. ಉಪ್ಪುಗಾಳಿಯಲ್ಲಿ ತಾಮ್ರ ಅಲ್ಯುಮಿನಿಯಂ ಅನ್ನು ತಿನ್ನದೆ ಬಿಡುತ್ತದೆಯೇ? ಒಂದೊಂದು ರಿವೆಟ್ಟಿನ ಸುತ್ತಲೂ ತಗಡು ಬಿಳಿ ಬೂದಿಯಾಗಿ, ಬೆರಳಿಟ್ಟರೆ ಹುಣ್ಣಿನ ಹಕ್ಕಳೆಯ ಹಾಗೆ ಉದುರುತ್ತಿತ್ತು.

"ಥೂ! ಯಾವ ಹೊಲಸು ಕೈ ಇದು? ದೋಣಿ ಕಟ್ಟುವವನೇ ಇರಬೇಕು. ತಗಡಿನ ಗುಣ ಗೊತ್ತಿಲ್ಲದಿದ್ದರೆ ಮುಟ್ಟಬಾರದು ಮಾರಾಯ!"

"ಪೊರ್ಬುಗಳೇ, ಅಷ್ಟು ಬೈಯಬೇಡಿ" ಎಂದ ವಾಸು, ಊರಿನವರು ಕಿರಿಸ್ತಾನರನ್ನು ಕರೆಯುವ ಮರ್ಯಾದೆಯ ಮಾತಿನಲ್ಲಿ. "ನಿಮ್ಮ ಬಾಯಿಗೆ ಹೆದರಿ ಉಳಿದ ರಿವೆಟ್ ತಾನಾಗಿ ಉದುರೀತು."

ಆ ಹೊತ್ತಿಗೇ ರಸ್ತೆಯಲ್ಲಿ ಅಕ್ಕು ಹಾದುಹೋದಳು. ಮಟ್ಟು ಹಳ್ಳಿಯಿಂದ ಗುಳ್ಳ ಬದನೆಯ ಬುಟ್ಟಿ ಹೊತ್ತು ಕಾಪು ಪೇಟೆಗೆ ಬರುವವಳು. ಶೆಡ್ಡಿನ ಎದುರು ಬಂದಾಗ ಎಂದಿನಂತೆ ನಿಂತು, ಕ್ಯಾಕರಿಸಿ ಉಗಿದು, ಮುಂದೆ ನಡೆದಳು. ಬೆಂಜಮಿನ್ ಎಂದಿನಂತೆ ತಲೆ ತಗ್ಗಿಸಿದ. ಹತ್ತೊಂಬತ್ತು ವರ್ಷದ ಹಿಂದೆ ಅವಳು ಬೆಂಜಮಿನನ ಮನೆಯಲ್ಲಿ ಕೆಲಸಕ್ಕಿದ್ದಳು. ತಾಯಿ ಆಲಿಸ್ ತವರಿನಿಂದ ತಂದ ತಾಮ್ರದ ಹಂಡೆ ಬಚ್ಚಲಿನಿಂದ ಮಾಯವಾದಾಗ, ಅಕ್ಕುವೇ ಒಯ್ದದ್ದು ಎಂದು ತಂದೆ ಲೂಯಿಸ್ ಹೇಳಿದ್ದರು. ಹದಿನೈದರ ಬೆಂಜಮಿನ್ ಮಟ್ಟುವಿಗೆ ಓಡಿ, ಅವಳ ಗುಡಿಸಲು ಜಾಲಾಡಿ, ನೆರೆಹೊರೆಯವರೆಲ್ಲ ನೋಡುತ್ತಿರುವಾಗ ಅವಳ ಅಕ್ಕಿಯ ಮಡಕೆಯನ್ನು ಅಂಗಳಕ್ಕೆ ಕವುಚಿದ್ದ. ಹಂಡೆ ಸಿಕ್ಕಿರಲಿಲ್ಲ. ಕಳ್ಳಿ ಎಂಬ ಹೆಸರು ಮಾತ್ರ ಅವಳಿಗೆ ಗಟ್ಟಿಯಾಗಿ ಅಂಟಿಕೊಂಡಿತು. ಆಮೇಲೆ ಯಾವ ಮನೆಯವರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ನಾಲ್ಕನೇ ದಿನ ಒಳಗಿನ ಹಲಗೆ ಕಿತ್ತರು. ಜಿರಲೆಯ ಮೊಟ್ಟೆ, ಇಲಿಯ ಹಿಕ್ಕೆ, ಸತ್ತು ಒಣಗಿದ ಹಲ್ಲಿ, ಅಯ್ಯಬ್ಬಾ! ಅದೆಲ್ಲದರ ಹಿಂದೆ ರಿವೆಟ್ಟಿನ ಬಾಲಕ್ಕೆ ಹಾಕಿದ ವಾಷರುಗಳು ಕಂಡವು. ಅಂಗಡಿಯವಲ್ಲ, ಉಳಿಯಿಂದ ಕಡಿದ, ಎಂಟು ಮೂಲೆಯ ತಾಮ್ರದ ಬಿಲ್ಲೆಗಳು. ಬೆಂಜಮಿನ್ ಒಂದನ್ನು ಕಿತ್ತು ಹುಣಸೆಹಣ್ಣಿನಿಂದ ಉಜ್ಜಿದ. ಚುಕ್ಕಿಚುಕ್ಕಿಯಾಗಿ ಕೊರೆದ ಒಂದು ಬಳ್ಳಿ. ಇನ್ನೊಂದರಲ್ಲಿ ಬಳ್ಳಿಯ ನಡುವೆ ಸಣ್ಣ ಶಿಲುಬೆ. ಮೂರನೆಯದರಲ್ಲಿ ಅಮ್ಮನ ಹೆಸರಿನ ಅರ್ಧ.

ಪ್ರತಿ ಶನಿವಾರ ಬೂದಿ ಹುಣಸೆಹಣ್ಣು ಹಾಕಿ ಅವನೇ ತಿಕ್ಕುತ್ತಿದ್ದ ಹಂಡೆ ಅದು. ಮೂರು ದಿನದ ನಾತಕ್ಕೆ ಬಾರದ ವಾಂತಿ ಆಗ ಬಂತು.

ಲೂಯಿಸ್ ಕಾಪುವಿನ ಹೆಸರಾಂತ ದೋಣಿ ಬಡಗಿ. ವಯಸ್ಸಾದ ಮೇಲೂ ದಿನಾ ಶೆಡ್ಡಿಗೆ ಬಂದು ಹರಟೆ ಹೊಡೆಯುತ್ತಿದ್ದವರು, ಕ್ಯಾರವಾನ್ ಬಂದ ದಿನದಿಂದ ಮೊಣಕಾಲು ನೋವು ಎಂದು ಮನೆಯಲ್ಲೇ ಕೂತಿದ್ದರು. ಮಧ್ಯಾಹ್ನ ಗಂಜಿ ಉಣ್ಣುತ್ತಿದ್ದ ಅವರ ಬಟ್ಟಲಿನ ಪಕ್ಕ ಬೆಂಜಮಿನ್ ಮೂರು ಬಿಲ್ಲೆ ಇಟ್ಟ.

ಅವರು ನೋಡಿದರು. ಉಪ್ಪಿನಕಾಯಿ ನೆಕ್ಕಿದರು.

"ಆ ಗಾಡಿ ಇಲ್ಲಿ ಒಡೆದು ನಿಂತಿತ್ತು, ದೊರೆಗೆ ಅವಸರ ಇತ್ತು. ಯುದ್ಧದ ಕಾಲ, ಮೊಳೆ ಇದ್ದರೂ ಬಿಲ್ಲೆಗೆ ತಾಮ್ರ ಎಲ್ಲಿ ಉಂಟು? ನನ್ನ ಮನೆಯ ಹಂಡೆ, ನಾನು ಕಡಿದೆ."

"ಅಕ್ಕುವಿನ ಹೆಸರು ಯಾಕೆ ಹೇಳಿದಿರಿ ಪಪ್ಪಾ?"

"ನಿನ್ನ ಅಮ್ಮ ಕೇಳಿದಳಲ್ಲ. ಅವಳ ತವರಿನದು. ಎಂತ ಹೇಳುವುದು ಆಗ?" ಇನ್ನೊಂದು ತುತ್ತು ಒಳಗೆ ಹೋಯಿತು. "ಇಷ್ಟು ವರ್ಷ ಆಯಿತು. ರಿವೆಟ್ ಇನ್ನೂ ಗಟ್ಟಿ ಉಂಟು, ಅಲ್ವಾ?"

ಕೇಳಿದ್ದು ಅದು! ಹೆಂಗಸೊಬ್ಬಳ ಮಾನ ಕಳೆದ ಮುದುಕ ಗಂಜಿ ಸುರಿಯುತ್ತ ಕೇಳಿದ್ದು ತನ್ನ ರಿವೆಟ್ಟಿನ ಕ್ಷೇಮ. ಅದೇ ಗಲ್ಲ, ಅದೇ ಮೂಗು ತನಗೂ ಇದೆಯಲ್ಲ ಎಂದು ಬೆಂಜಮಿನನಿಗೆ ಮೈಯೆಲ್ಲ ಅಸಹ್ಯವಾಯಿತು.

"ರಿವೆಟ್ ಗಟ್ಟಿ ಉಂಟು. ಸುತ್ತ ಇದ್ದದ್ದನ್ನೆಲ್ಲ ಅದು ತಿಂದು ಹಾಕಿದೆ" ಎಂದವನು ಬಿಲ್ಲೆಗಳನ್ನು ಎತ್ತಿಕೊಂಡು ಮಟ್ಟುವಿಗೆ ನಡೆದ.

ಅಕ್ಕು ಗುಳ್ಳದ ಗಿಡಗಳಿಗೆ ನೀರು ಹೊಯ್ಯುತ್ತಿದ್ದಳು. ಅವನನ್ನು ಕಂಡು ಕೊಡ ಕೆಳಗಿಟ್ಟಳು, ಬಾ ಎನ್ನಲಿಲ್ಲ. ಅವನು ಅಂಗೈ ಚಾಚಿ ಬಿಲ್ಲೆ ತೋರಿಸಿ ಎಲ್ಲವನ್ನೂ ಹೇಳಿದ. ಕೊನೆಗೆ "ತಪ್ಪಾಯಿತು ಅಕ್ಕು" ಎಂದ. ಅಳು ಬಂತು. ತನ್ನ ಅಳುವೂ ಅವನಿಗೆ ಹೇಸಿಗೆಯಾಗಿಯೇ ಕಂಡಿತು.

ಅವಳು ಶಿಲುಬೆಯ ಬಿಲ್ಲೆಯನ್ನು ಎತ್ತಿ ಬೆರಳಲ್ಲಿ ಸವರಿದಳು. ಅದನ್ನು ಅವಳೂ ತಿಕ್ಕಿದವಳೇ. ಆಮೇಲೆ ತಿರುಗಿ ಅವನ ಅಂಗೈಗೇ ಹಾಕಿದಳು.

"ನನಗೆ ಯಾಕೆ ತೋರಿಸುತ್ತಿ ಪೊರ್ಬುಗಳ ಮಗನೇ? ನಾನು ಕದಿಯಲಿಲ್ಲ ಅಂತ ನನಗೆ ಗೊತ್ತುಂಟು. ಅವತ್ತು ನೀನು ಮಡಕೆ ಕವುಚಿದಾಗ ಈ ಅಂಗಳದಲ್ಲಿ ಎಷ್ಟು ಜನ ಇದ್ದರು?"

"ಇಪ್ಪತ್ತು... ಮೂವತ್ತು ಜನ."

"ಅವರನ್ನೆಲ್ಲ ಕರೆದುಕೊಂಡು ಬಾ. ಅವರಿಗೆ ತೋರಿಸು."

"ಕೆಲವರು ತೀರಿಹೋಗಿದ್ದಾರೆ ಅಕ್ಕು."

"ಹೌದು. ನನ್ನನ್ನು ಕಳ್ಳಿ ಅಂದುಕೊಂಡೇ ಹೋದರು. ಇದ್ದವರನ್ನು ಕರೆ."

ಬೆಂಜಮಿನ್ ಬೇಲಿ ದಾಟಿ ಪಕ್ಕದ ಮನೆಯ ಮುಂದೆ ನಿಂತ. ಅವತ್ತು ಅಂಗಳದಲ್ಲಿ ಎಲ್ಲರಿಗಿಂತ ಮುಂದೆ ನಿಂತು ನೋಡಿದ ಸುಗಂಧಿಯ ಮನೆ ಅದು. ಅವಳು ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು ಎಂತ ಎಂದು ಕೇಳಿದಳು.

"ಹಂಡೆ ತೆಗೆದದ್ದು ಅಕ್ಕು ಅಲ್ಲ, ನನ್ನ ಅಪ್ಪ" ಎಂದ ಬೆಂಜಮಿನ್. "ಸ್ವಲ್ಪ ಅವಳ ಅಂಗಳಕ್ಕೆ ಬನ್ನಿ."