ಮಲಗಿಸಿಯೇ ಇಳಿಸಬೇಕು

ಕುರ್ಚಿಯ ಕೈಗಳಿಗೆ ಸುತ್ತಲು ಯಶವಂತ ಹಗ್ಗ ಬಿಚ್ಚುತ್ತಿದ್ದ. ಇಂದುಮತಿ ಗಂಡನ ತಲೆಯ ಬಳಿಯಿಂದ ಎದ್ದು ಬಂದು ಅದನ್ನು ಮೈದುನನ ಕೈಯಿಂದ ತೆಗೆದುಕೊಂಡಳು.

"ಕೂರಿಸೋದು ಬೇಡ ಭಾವಜಿ. ಮಲಗಿಸಿಯೇ ಇಳಿಸಬೇಕು."

"ವಹಿನಿ, ಇದು ಮೂರನೇ ಮಹಡಿ. ಮೆಟ್ಟಿಲ ತಿರುವು ನಿಮಗೆ ಗೊತ್ತಿಲ್ವಾ? ಒಂದು ಕಪಾಟು ಹಿಡಿಸಲ್ಲ ಅಲ್ಲಿ. ಮೈ ಬಿಗಿಯೋ ಮುಂಚೆ ಕೂರಿಸಿಬಿಡಬೇಕು."

ಅವಳ ಗಂಡ ದತ್ತಾರಾಮ ಪರುಳೇಕರ ಬೆಳಗಿನ ಜಾವ ತೀರಿಹೋಗಿದ್ದ. ಗಿರಗಾಂವಿನ ಈ ಹೀರಜಿ ಚಾಳನ್ನು ಮಾಲೀಕರ ಪರವಾಗಿ ನೋಡಿಕೊಳ್ಳುವುದರಲ್ಲೇ ಅವನ ಆಯುಷ್ಯ ಕಳೆದಿತ್ತು. ನಲ್ಲಿ, ಮೋರಿ, ಸೋರುವ ಮಾಡು, ಬಾಡಿಗೆದಾರರ ಜಗಳ, ಎಲ್ಲವೂ ಅವನ ತಲೆಗೇ. ಕೆಳಗೆ ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ಬಾಗಿಲ ಹೊರಗೆ ನೆರೆಯವರ ಮಾತು ಕೇಳುತ್ತಿತ್ತು.

"ನಮ್ಮ ಕಿಟಕಿ ದೊಡ್ಡದು ಮಾಡೋಕೆ ಬಿಡಲಿಲ್ಲ ಪುಣ್ಯಾತ್ಮ."

"ಬಿಟ್ಟಿದ್ರೆ ನಮ್ಮ ಮನೆ ನಿನ್ನ ತಲೆ ಮೇಲೆ ಇರ್ತಿತ್ತು. ಸುಮ್ಮನಿರು."

*

ಇಂದುಮತಿ ಮದುವೆಯಾಗಿ ಬಂದ ವರ್ಷವೇ ಅತ್ತೆ ತೀರಿಕೊಂಡಿದ್ದಳು. ದತ್ತಾರಾಮ ಆಗ ಬಟ್ಟೆ ಗಿರಣಿಯಲ್ಲಿದ್ದ. ತಾಯಿಯನ್ನು ಕುರ್ಚಿಗೆ ಬಿಗಿದು ಇಳಿಸಿದರು. ತಿರುವಿನಲ್ಲಿ ಆಕೆಯ ತಲೆ ಗೋಡೆಗೆ ಬಡಿಯಿತು. "ನಿಧಾನ, ಆಯಿಗೆ ನೋವಾಗ್ತದೆ!" ಎಂದು ದತ್ತಾರಾಮ ಕೂಗಿಕೊಂಡ.

ಸೂತಕ ಕಳೆದದ್ದೇ ಅವನು ಮಾಲೀಕ ಶೇಠನ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದ. ಶೇಠ ಕುಡಿಯುತ್ತಿದ್ದ ಚಹಾ ಪೂರ್ತಿ ಮುಗಿಸಿದ.

"ಬಾಯಿ ಮಾಡೋಕೆ ಎಲ್ರೂ ಬರ್ತಾರೆ. ಬಾಡಿಗೆ ಲೆಕ್ಕ ನೋಡೋ ನಮ್ಮ ಮುನೀಮನಿಗೆ ವಯಸ್ಸಾಯ್ತು. ನಾಳೆಯಿಂದ ನೀನೇ ನೋಡ್ಕೋ ಚಾಳನ್ನ, ಆಗ ಗೊತ್ತಾಗುತ್ತೆ."

ದತ್ತಾರಾಮ ಗಿರಣಿ ಬಿಟ್ಟ. ವರ್ಷಗಟ್ಟಲೆ ಶೇಠನ ಬೆನ್ನು ಹತ್ತಿ ಹಿಂಬದಿಯ ಮೆಟ್ಟಿಲನ್ನು ಅಗಲ ಮಾಡಿಸಿದ. ಮುಂಬದಿಯ ಸರದಿ ಬರುವಷ್ಟರಲ್ಲಿ ಶೇಠ ಸತ್ತ, ಮಕ್ಕಳು ಕೈ ಎತ್ತಿದರು. ಆದರೂ ಚಿಂತೆಯಿರಲಿಲ್ಲ, ಪ್ರತಿ ಮಹಡಿಯಲ್ಲೂ ಮನೆಗಳ ಮುಂದಿನ ಉದ್ದನೆಯ ಗ್ಯಾಲರಿ ಹಿಂದಿನ ಮೆಟ್ಟಿಲವರೆಗೆ ಹೋಗುತ್ತಿತ್ತು. ಸತ್ತವರನ್ನು ಅದರಲ್ಲೇ ಸಾಗಿಸುತ್ತಿದ್ದರು.

ಆಮೇಲೆ ಮೂರನೇ ಮಹಡಿಯ ತಾತ್ಯಾ ಮಯೇಕರ ಗ್ಯಾಲರಿಗೆ ಅಡ್ಡ ಇಟ್ಟಿಗೆ ಗೋಡೆ ಎಬ್ಬಿಸಿ, ಆಚೆ ಬದಿಯಲ್ಲಿ ಅಡುಗೆಮನೆ ಮಾಡಿಕೊಂಡ. ದತ್ತಾರಾಮ ಕೋರ್ಟಿಗೆ ಹೋದ. ಕೇಸು ಇನ್ನೂ ನಡೆಯುತ್ತಿತ್ತು. ಇಬ್ಬರ ನಡುವೆ ಮಾತಿರಲಿಲ್ಲ.

"ಹೋಗಲಿ ಬಿಡಿ, ಮೂರು ಹೆಣ್ಣುಮಕ್ಕಳು, ಒಂದೇ ಕೋಣೆ ಅವರದು," ಎಂದಿದ್ದಳು ಇಂದುಮತಿ.

"ಅವನಿಗೆ ಅಡುಗೆಮನೆ ಬೇಡ ಅಂತ ನಾನೆಲ್ಲಿ ಅಂದೆ ಇಂದೂ? ನಾನು ಹೋದ್ರೆ ನನ್ನನ್ನ ಎಲ್ಲಿಂದ ಇಳಿಸ್ತೀಯ, ಹೇಳು."

*

ಇಂದುಮತಿ ಗ್ಯಾಲರಿಯ ಕೊನೆಗೆ ಹೋಗಿ ಗೋಡೆಗೆ ಅಂಗೈಯಿಂದ ಬಡಿದಳು. ಸೂತಕದಲ್ಲಿ ಇನ್ನೊಬ್ಬರ ಹೊಸ್ತಿಲು ತುಳಿಯುವಂತಿರಲಿಲ್ಲ.

"ತಾತ್ಯಾ, ಕೇಳಿಸ್ತಿದೆಯಾ?"

ಒಳಗೆ ಪಾತ್ರೆಯ ಸದ್ದು ನಿಂತಿತು. "ಹೇಳಿ ವಹಿನಿ."

"ಇವರನ್ನ ಹಿಂದಿನ ಮೆಟ್ಟಿಲಿಂದ ಒಯ್ಯಬೇಕು. ಮಲಗಿಸಿ."

"ನಮ್ಮ ಒಲೆ ಮುಂದೆ ಹೆಣ ಒಯ್ತೀರಾ?" ಎಂದದ್ದು ತಾತ್ಯಾನ ಹೆಂಡತಿ ಶಾಲಿನಿ. "ದೇವರೂ ಇಲ್ಲೇ ಇದಾನಲ್ರೀ!"

"ಗೊತ್ತಿದ್ದೇ ಕೇಳ್ತಿದೀನಿ ಶಾಲಿನಿ."

"ಓಡಾಡ್ಕೊಂಡಿದ್ದಾಗ ಒಡೆಸೋಕಾಗಲಿಲ್ಲ," ತಾತ್ಯಾನ ದನಿ ಏರಿತು, "ಈಗ ಮಲಗಿದಲ್ಲಿಂದಲೇ ಒಡೆಸೋಕೆ ಹೊರಟಿದಾನೆ ನೋಡು!"

ಯಶವಂತ ಹಿಂದೆ ಬಂದು ನಿಂತ. "ಸಾಕು ಬನ್ನಿ ವಹಿನಿ. ಆಗಲೇ ಅಣ್ಣನ ಕುತ್ತಿಗೆ ಬಿಗಿದಿದೆ."

ಅವಳು ಗೋಡೆಯಿಂದ ಕೈ ತೆಗೆಯಲಿಲ್ಲ. "ಅತ್ತೆಯ ತಲೆ ಬಡಿದ ಸದ್ದು ನನಗೆ ಇನ್ನೂ ಕೇಳುತ್ತೆ ತಾತ್ಯಾ."

ಆಚೆ ಹೆಜ್ಜೆಯ ಸದ್ದು ಗೋಡೆಯ ಹತ್ತಿರ ಬಂತು.

"ಆ ಕುರ್ಚಿಯ ಹಿಂಗಾಲು ನನ್ನ ಕೈಲಿತ್ತು," ಎಂದ ತಾತ್ಯಾ. ಆಮೇಲೆ ಹೆಂಡತಿಗೆ, "ಶಾಲೂ, ದೇವರನ್ನ ಆ ಕೋಣೆಗೆ ಒಯ್ಯಿ. ಹಿಟ್ಟಿನ ಡಬ್ಬ ಮುಚ್ಚು. ವಹಿನಿ, ಹಿಂದೆ ಸರೀರಿ."

ಮೊದಲ ಏಟಿಗೆ ಸುಣ್ಣ ಉದುರಿತು. ಇಟ್ಟಿಗೆಗಳು ಕಳಚಿಕೊಂಡಾಗ ತಲೆಯೆಲ್ಲ ಬೆಳ್ಳಗಾದ ತಾತ್ಯಾ ಸುತ್ತಿಗೆ ಹಿಡಿದು ಕಾಣಿಸಿಕೊಂಡ.

"ಸೋಮವಾರ ಮತ್ತೆ ಕಟ್ತೀನಿ. ಈಗಲೇ ಹೇಳಿದೀನಿ."

"ಕಟ್ಟಿ," ಎಂದಳು ಇಂದುಮತಿ.

ದತ್ತಾರಾಮನನ್ನು ಹಲಗೆಯ ಮೇಲೆ ಮಲಗಿಸಿ, ಒಲೆಯನ್ನೂ ಡಬ್ಬಗಳನ್ನೂ ದಾಟಿಸಿ ಒಯ್ದರು. ಅಗಲವಾದ ಮೆಟ್ಟಿಲಿನಲ್ಲಿ ಹಲಗೆ ಎಲ್ಲಿಯೂ ವಾಲಲಿಲ್ಲ.

*

ಗಂಡಸರು ಸ್ಮಶಾನದಿಂದ ಮರಳಿದ್ದರು. ದತ್ತಾರಾಮ ಮಲಗಿದ್ದ ಜಾಗದಲ್ಲಿ ಇಂದುಮತಿ ದೀಪ ಹಚ್ಚಿಟ್ಟಳು. ಗೋಡೆ ಎದ್ದ ಮೇಲೆ ಈ ಬಾಗಿಲಿಗೆ ಬಾರದಿದ್ದ ಸಮುದ್ರದ ಗಾಳಿ ಗ್ಯಾಲರಿಯುದ್ದಕ್ಕೂ ನುಗ್ಗಿ ಬರುತ್ತಿತ್ತು. ದೀಪದ ಕುಡಿ ನೆಲಕ್ಕೆ ಬಾಗಿತು. ಅವಳು ಎರಡೂ ಕೈ ಅಡ್ಡ ಹಿಡಿದಳು, ಸಾಲಲಿಲ್ಲ.

ಇದ್ದಕ್ಕಿದ್ದಂತೆ ಜ್ವಾಲೆ ನೆಟ್ಟಗಾಯಿತು. ಅವಳು ಎದ್ದು ಬಾಗಿಲಿಗೆ ಬಂದು ನೋಡಿದಳು. ಗೋಡೆಯಿದ್ದ ಕಡೆ ತಾತ್ಯಾ ಸ್ಟೂಲಿನ ಮೇಲೆ ನಿಂತು, ಹೆಂಡತಿಯ ಹಳೆಯ ಸೀರೆಯನ್ನು ಎರಡೂ ತೋಳು ಚಾಚಿ ಎತ್ತಿ ಹಿಡಿದಿದ್ದ. ಗಾಳಿ ತುಂಬಿ ಸೀರೆ ಅವನ ಎದೆಗೆ ಬಡಿಯುತ್ತಿತ್ತು. ಒಳಗೆ ಶಾಲಿನಿ ಮೊಳೆ ಎಲ್ಲಿಟ್ಟಿರಿ ಎಂದು ಗೊಣಗುತ್ತಿದ್ದಳು.

"ನಿಧಾನಕ್ಕೆ ಹುಡುಕು," ಎಂದ ತಾತ್ಯಾ, ಕೈ ಇಳಿಸದೆ.