ಕಾಕಾನ ಬೆರಳು

ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದ ರೋಶನಬಿಗೆ ಅಪ್ಪ ಸತ್ತ ದಿನವೂ ತನ್ನ ದನಿಯದೇ ಚಿಂತೆ. ವಿಜಾಪುರದಲ್ಲಿ ಬಿ.ಎ. ಓದಿ ಬಂದರೂ ನಾಲ್ಕು ಜನರ ಮುಂದೆ ಗಂಟಲು ಕಟ್ಟುತ್ತದೆ. ಇವತ್ತೂ ಕಟ್ಟಿದರೆ?

ಅಂಗಳದ ಮೂಲೆಯಲ್ಲಿ ಚಾದರ ಮರೆಮಾಡಿ, ಗಂಡಸರು ಅಪ್ಪ ಲಾಲಸಾಬನ ಮೈ ತೊಳೆಯಲು ಅಣಿಯಾಗಿದ್ದರು. ಬಿಸಿನೀರು ಒಯ್ಯಲು ಬಂದ ಮಶಾಕಸಾಬ ಕಾಕಾನ ಬೆರಳಿಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು. ನಿನ್ನೆ ನೀರು ಕುಡಿಸಲು ಹೋದಾಗ, ಬಟ್ಟಲು ಕಂಡೇ ಸೆಟೆದುಕೊಂಡ ಅಪ್ಪ ಕಚ್ಚಿದ್ದು.

"ನಿಮ್ಮನಿಯವ್ರಿಗೆ ನಾಯಿನರ ಕಡದಿತ್ತೇನ ಬೇ?" ಪಕ್ಕದ ಮನೆಯ ಸಾವಂತ್ರವ್ವ ಕೇಳಿದಳು.

"ಯಾ ನಾಯಿ? ನಾಯಿ ಕಂಡ್ರ ಓಣಿನ ಬಿಡ್ತಿದ್ರು," ಅವ್ವ ಪೀರಾಂಬಿ ಮೂಗೊರೆಸಿಕೊಂಡಳು. "ಕೆರಿ ಗಾಳಿ ಸೋಕೈತಿ. ಬ್ಯಾಡಂದ್ರೂ ನಡುಗಡ್ಡಿಗೆ ಹೋದ್ರು, ಬಾವಲಿ ಹಿಡ್ಯಾಕ."

"ನಮ್ಮನಿಯವ್ರು ಕೋಳಿ ಹಿಡ್ಯಾಕ ಹೆದರ್ತಾರ."

ಅವ್ವ ನಕ್ಕಳು. ಮತ್ತೆ ಅತ್ತಳು.

*

ಕೆರೆಯ ನಡುಗಡ್ಡೆಯ ಹುಣಸೆಮರದ ತುಂಬ ಬಾವಲಿ. ಹುಚ್ಚುನಾಯಿ ರೋಗದಂಥದ್ದು ಅವುಗಳಲ್ಲೂ ಇದೆಯೇ ಎಂದು ರಕ್ತ ತೆಗೆದು ನೋಡುವವರು ದೂರದಿಂದ ಬಂದಿದ್ದರು. ಮೀನು ಹಿಡಿಯುವ ಲಾಲಸಾಬ ಅವರಿಗೆ ಬಲೆ ಕಟ್ಟಿಕೊಟ್ಟ. ಅವರು ಕೊಟ್ಟ ಚರ್ಮದ ಕೈಗವಸು ಮಾತ್ರ ಅವನ ಸೊಂಟದಲ್ಲೇ ಇರುತ್ತಿತ್ತು.

"ಅದನ್ನ ಹಾಕ್ಕೊಂಡ್ರ ಗಂಟ ಬಿಚ್ಚಾಕ ಬರೂದಿಲ್ಲ. ಪಾಪ, ರೆಕ್ಕಿ ಹರೀತಾವ."

ಒಂದು ದಿನ ಅವನ ಹೆಬ್ಬೆರಳ ಬುಡದಲ್ಲಿ ಹಲ್ಲಿನ ಗುರುತು ಕಂಡದ್ದು ರೋಶನಬಿಗೆ ಮಾತ್ರ.

"ಅಪ್ಪಾ, ಹುಚ್ಚನಾಯಿ ಕಡದ್ರ ಹಾಕೂ ಸೂಜಿ ಹಾಕಿಸ್ಕೊ. ಈಗ ಹಾಕ್ಸಿದ್ರ ಉಳೀತಾರ, ಆಮ್ಯಾಲೆ ಏನೂ ನಡಿಯೂದಿಲ್ಲ."

"ಹಣ್ಣ ತಿನ್ನೂ ಜೀವಕ್ಕ ಯಾ ಹುಚ್ಚ ಬೇ? ಸಾಹೇಬ್ರಿಗೆ ಗೊತ್ತಾದ್ರ ನನ್ನ ಮರದ ಹಂತ್ಯಾಕ ಬಿಡೂದಿಲ್ಲ. ಯಾರಿಗೂ ಹೇಳೂದಿಲ್ಲಂತ ನನ್ನ ತಲಿ ಮುಟ್ಟು."

ಅವಳು ಮುಟ್ಟಿದ್ದಳು. ಆಮೇಲೂ ದಿನಾ ಅಂಗಲಾಚಿದಳು. ದಿನಾ ಅವನು ನಕ್ಕ.

*

ಚಾದರದೊಳಗೆ ನೀರು ಸುರಿಯುತ್ತಿತ್ತು.

"ಬೆರಳ ಉರ್ಯಾಕತ್ತೈತಿ," ಕಾಕಾನ ದನಿ. "ಅಣ್ಣ ಹೋಗೂ ಮುಂದ ಗುರ್ತ ಇಟ್ಟ ಹೋಗ್ಯಾನ."

ಕಾಕಾನಿಗಿನ್ನೂ ಸೂಜಿ ಹಾಕಿಸಬಹುದು. ರೋಶನಬಿ ಎದ್ದಳು.

"ಎಲ್ಲಿಗಿ ಬೇ? ಹೆಣ್ಣಮಕ್ಕಳು ಆ ಕಡೆ ಹೋಗಬಾರ್ದು," ಅವ್ವ ಸೆರಗು ಹಿಡಿದಳು. ಅವಳು ಬಿಡಿಸಿಕೊಂಡಳು. ಚಾದರದ ಹತ್ತಿರ ಬಂದು ನಿಂತಾಗ ಗಂಟಲು ಕಟ್ಟಿತು. ಅಪ್ಪನ ತಲೆಯ ಒರಟು ಕೂದಲು ಇನ್ನೂ ಅಂಗೈಯಲ್ಲಿ ಇದ್ದಂತಿತ್ತು.

ಚಾದರದ ಅಡಿಯಿಂದ ಹರಿದು ಬಂದ ನೀರಲ್ಲಿ ಅರಿಶಿನದ ಬಟ್ಟೆ ತೇಲಿ ಬಂದು ಅವಳ ಪಾದಕ್ಕೆ ತಾಗಿ ನಿಂತಿತು.

"ಕಾಕಾ," ಅಂದಳು, ಓಣಿಗೆಲ್ಲ ಕೇಳುವಂತೆ. "ಅಪ್ಪಗ ಬಾವಲಿ ಕಡದಿತ್ತು."