ನೀರು ಎಲ್ಲಿ ಮುಗಿಯುತ್ತದೆ

"ಇದ್ರಲ್ಲಿ ನಮ್ಮ ಮನೆ ಎಲ್ಲಿದೆ?" ಅಕ್ಕ ಕೇಳಿದಳು.

ಅವಳ ತಮ್ಮ, ಸ್ಟುಡಿಯೋದವನು, ಭೂತಗನ್ನಡಿಯನ್ನು ಫೋಟೋದ ಎಡಮೂಲೆಗೆ ಸರಿಸಿ ಬೆರಳಿಟ್ಟು ತೋರಿಸಿದ. ಅಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗಿನ ಮಚ್ಚೆಯೊಂದಿತ್ತು. ಅದು ಮನೆಯೂ ಇರಬಹುದು, ಮಗುಚಿ ಹಾಕಿದ ದೋಣಿಯೂ ಇರಬಹುದು, ಫಿಲ್ಮ್ ತೊಳೆಯುವಾಗ ಕೂತ ಕೊಳೆಯೂ ಇರಬಹುದು. ಅದು ಮನೆಯೇ ಎಂದು ಅವನಿಗೆ ಗೊತ್ತಿತ್ತು. ಈ ಫೋಟೋ ತೆಗೆದ ಬೆಳಗ್ಗೆ ಅದೇ ಮನೆಯ ಹಿಂಬಾಗಿಲಲ್ಲಿ ನಿಂತು ಅಕ್ಕ ಕೊಟ್ಟ ಟೀ ಕುಡಿದೇ ಅವನು ಮರಳಿನ ಮೇಲೆ ಟ್ರೈಪಾಡ್ ಹೂಡಿದ್ದ. ಆದರೆ ಗೊತ್ತಿರುವುದನ್ನೆಲ್ಲ ಫೋಟೋ ಹೇಳಬೇಕಲ್ಲ.

ಅಕ್ಕ ಕೂತಿದ್ದು ಪಾಸ್‌ಪೋರ್ಟ್ ಫೋಟೋಕ್ಕೆಂದು ಇಟ್ಟಿದ್ದ ಎತ್ತರದ ಸ್ಟೂಲಿನ ಮೇಲೆ. ಹಿಂದೆ ನೀಲಿ ಪರದೆ. ಬೆಳಗಿನಿಂದ ಹೀಗೇ ಕೂತು ಕೂತು ಅವಳ ಬೆನ್ನು ಬಾಗಿತ್ತು. ಹಳೆಯ ಫೋಟೋಗಳ ಮೂರು ಪೆಟ್ಟಿಗೆ ಬಿಚ್ಚಿ ಆಗಿತ್ತು, ಇನ್ನು ನಾಲ್ಕು ಉಳಿದಿದ್ದವು. ನಾಲ್ಕರಲ್ಲೂ ಇಂಥವೇ ಇರುತ್ತವೆ ಎಂಬುದು ಅವನಿಗೆ ಎರಡನೆಯ ಪೆಟ್ಟಿಗೆ ಮುಗಿಯುವ ಹೊತ್ತಿಗೇ ತಿಳಿದಿತ್ತು. ಹೇಳಲು ಬಾಯಿ ಬರಲಿಲ್ಲ, ಅಷ್ಟೆ.

ಮನೆ ಕಟ್ಟಿದ ಮೇಲಿನ ಹದಿನೆಂಟು ವರ್ಷಗಳಲ್ಲಿ ಸಮುದ್ರವು ದಂಡೆಯನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತ ಬಂದು ಈಗ ಅಕ್ಕನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಮುಟ್ಟಿತ್ತು. ಆ ಸಾಲಿನ ಮನೆಗಳನ್ನೆಲ್ಲ ಕೆಡವುವುದೆಂದು ಸರಕಾರದ ನೋಟಿಸು ಬಂದಿತ್ತು. ಕಟ್ಟಿದ ಕಾಲಕ್ಕೆ ಮನೆ ನೀರಿನಿಂದ ನೂರು ಮೀಟರ್ ದೂರವಿತ್ತೆಂದು ತೋರಿಸಿದವರಿಗೆ ಮೇಲಿನ ದಿಣ್ಣೆಯಲ್ಲಿ ಬದಲಿ ಜಾಗ. ತೋರಿಸಲಾಗದವರಿಗೆ ಏನೂ ಇಲ್ಲ, ನೀರಿನ ಬಾಯಲ್ಲಿ ಕಟ್ಟಿದ್ದು ನಿಮ್ಮದೇ ತಪ್ಪು ಎಂದು ಲೆಕ್ಕ. ದಾಖಲೆ ಇಲ್ಲದಿದ್ದರೆ ಆ ಕಾಲದ ಫೋಟೋ ಆದರೂ ಆಗುತ್ತದೆ ಎಂದು ನೋಟಿಸಿನ ಕೊನೆಗೆ ಬರೆದಿದ್ದರು. ಅದನ್ನು ಓದಿ ದೋಣಿ ಎಂಜಿನ್ ರಿಪೇರಿ ಮಾಡುವ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ. ಊರಿಗೆಲ್ಲ ಫೋಟೋಕ್ಕೆ ಬರ ಬಂದರೂ ನಮ್ಮ ಮನೆಗೆ ಬರುತ್ತದೆಯೇ, ನಮ್ಮ ವ್ಯಾಸಲೀನ್ ಸಾಹೇಬರು ಇಲ್ಲವೇ ಎಂದು.

ಆ ಹೆಸರು ಇಟ್ಟವರೂ ಅವರೇ. ಆಗ ಸ್ಟುಡಿಯೋದವನಿಗೆ ಮೂವತ್ತೆಂಟು. ದಿನವಿಡೀ ಜನರ ಕಿವಿ ಎರಡೂ ಕಾಣುವಂತೆ ಕೂರಿಸಿ ಫೋಟೋ ಹೊಡೆದು ರೋಸಿಹೋಗಿದ್ದ. ವಾರಕ್ಕೆರಡು ಬೆಳಗ್ಗೆ, ಬೆಳಕು ಹರಿಯುವ ಹೊತ್ತಿಗೆ, ದಂಡೆಗೆ ಹೋಗುತ್ತಿದ್ದ. ಲೆನ್ಸಿನ ಮುಂದೆ ಸಿಕ್ಕಿಸುವ ಗಾಜಿಗೆ ನಡುವೆ ನಾಣ್ಯದಷ್ಟು ಜಾಗ ಬಿಟ್ಟು ಸುತ್ತಲೂ ವ್ಯಾಸಲೀನ್ ಸವರುತ್ತಿದ್ದ. ಬೆರಳನ್ನು ಮೇಲಿನಿಂದ ಕೆಳಗೆ ಎಳೆದರೆ ಅಲೆ ಒಂದು ಥರ ಕರಗುತ್ತಿತ್ತು, ಅಡ್ಡ ಎಳೆದರೆ ಇನ್ನೊಂದು ಥರ. ಹೆಂಡತಿಯ ಹರಿದ ತೆಳು ನೈಲಾನ್ ಕಾಲುಚೀಲವನ್ನು ಲೆನ್ಸಿಗೆ ಬಿಗಿದು ನೋಡಿದ್ದೂ ಉಂಟು. ನೀರು, ಮರಳು, ಆಕಾಶ ಮೂರೂ ಒಂದರೊಳಗೊಂದು ಸೇರಿ ಹಾಲಿನಂತೆ ಆದಾಗ ಅವನಿಗೆ ತಾನೂ ಏನೋ ಮಾಡಿದೆ ಅನ್ನಿಸುತ್ತಿತ್ತು. ಪ್ರದರ್ಶನವೊಂದರಲ್ಲಿ ಎರಡನೆಯ ಬಹುಮಾನವೂ ಬಂದಿತ್ತು. ಆ ದಿನಗಳಲ್ಲಿ ಅವನು ಸುಖವಾಗಿದ್ದ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತಿತ್ತು.

"ಇದೂ ಹಾಗೇನೇ ಇದ್ಯಲ್ಲೋ," ಅಂದಳು ಅಕ್ಕ. ನಾಲ್ಕನೆಯ ಪೆಟ್ಟಿಗೆ.

ಅಕ್ಕಪಕ್ಕದವರ ಸುದ್ದಿಯನ್ನೂ ಅವಳೇ ಹೇಳಿದಳು. ಕೊನೆಮನೆಯವರಿಗೆ ಜಾಗ ಮಂಜೂರಾಗಿದೆಯಂತೆ. ಅವರ ಹತ್ತಿರ ಇದ್ದದ್ದು ಯಾರೋ ನೆಂಟರು ಆಟಿಕೆಯಂಥ ಕ್ಯಾಮೆರಾದಲ್ಲಿ ತೆಗೆದ ಒಂದೇ ಒಂದು ಫೋಟೋ. ಬಕೆಟ್ಟಿನಲ್ಲಿ ಕೂತು ಅಳುವ ಮಗು, ಮಗುವಿನ ಹಿಂದೆ ಬಾಗಿಲು, ಆಚೆ ಮರಳು, ಅದರಾಚೆ ನೀರು. ಮಗುವಿನ ತಲೆ ಫೋಟೋದ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದ್ದರೂ ಅಲೆಯ ಗೆರೆ ಚೊಕ್ಕವಾಗಿ ಬಿದ್ದಿತ್ತು. ಆದರೆ ದಂಡೆ ಅಲ್ಲಿ ತಿರುಗಿಕೊಳ್ಳುವುದರಿಂದ ಆ ಫೋಟೋ ಇವರಿಗೆ ಉಪಯೋಗವಿಲ್ಲ, ಪ್ರತಿ ಮನೆಯೂ ತನ್ನದನ್ನು ತಾನೇ ತೋರಿಸಬೇಕು.

"ನಮ್ಮತ್ರ ಅಂಥದ್ದೂ ಒಂದಿಲ್ಲ ನೋಡು," ಅಂದಳು. "ಮನೇಲೇ ಫೋಟೋದವನಿದ್ದಾನೆ, ಯಾವಾಗ ಬೇಕಾದ್ರೂ ತೆಗೆಸ್ಕೋಬಹುದು ಅಂತ ಸುಮ್ನಿದ್ವಿ."

ಕೊಂಕಿನ ಮಾತಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು. ಅವನು ಎದ್ದು ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದ. ತಿರುಗಿ ಬಂದು ಉಳಿದ ಮಾತನ್ನೂ ಹೇಳಿಬಿಟ್ಟ, ಇನ್ನು ಎಷ್ಟು ದಿನ ಮುಚ್ಚಿಡುವುದು ಎಂದು. ಪ್ರತಿ ಸಲವೂ ಮೊದಲ ಒಂದು ಚಿತ್ರವನ್ನು ವ್ಯಾಸಲೀನ್ ಇಲ್ಲದೆ ತೆಗೆಯುತ್ತಿದ್ದೆ, ಬೆಳಕಿನ ಅಂದಾಜು ಸಿಗಲಿ ಎಂದು. ಅದರಲ್ಲಿ ಎಲ್ಲವೂ ಗೆರೆ ಕೊರೆದಹಾಗೆ ಬರುತ್ತಿತ್ತು, ಅಲೆ, ಬೇಲಿ, ಮನೆಯ ಕಿಟಕಿ. ಅಂಥವು ಆರುನೂರಾದರೂ ಇದ್ದಿರಬೇಕು.

"ಮತ್ತೆ ಅವೆಲ್ಲಿ?"

"ನೆಗೆಟಿವ್ ತೊಳೆದ ಮೇಲೆ ಕತ್ತರೀಲಿ ಕತ್ತರಿಸಿ ಬಿಸಾಕ್ತಿದ್ದೆ. ನೋಡಕ್ಕೆ ಸಪ್ಪೆ ಇರ್ತಿತ್ತು."

"ಎಲ್ಲಾನೂ?"

"ಎಲ್ಲಾನೂ, ಅಕ್ಕ."

ಅಕ್ಕ ಬಯ್ಯಲಿಲ್ಲ. ಕೌಂಟರಿನ ಮೇಲೆ ಹರಡಿದ್ದ ಫೋಟೋಗಳನ್ನು ಒಂದೊಂದಾಗಿ ಎತ್ತಿ, ಅಂಚು ಸೇರಿಸಿ, ಪೆಟ್ಟಿಗೆಗೆ ತುಂಬಿದಳು. ಚಿಕ್ಕಂದಿನಲ್ಲಿ ಅವನು ಹರವಿದ ಪುಸ್ತಕಗಳನ್ನೂ ಅವಳೇ ಹೀಗೆ ಎತ್ತಿಡುತ್ತಿದ್ದಳು.

ಆದರೂ ಕೈ ಚೆಲ್ಲಿ ಕೂರುವುದು ಬೇಡವೆಂದು ಇದ್ದವುಗಳಲ್ಲಿ ಮೂರನ್ನು ದೊಡ್ಡದು ಮಾಡಿಸಿ, ಹಿಂದೆ ತಾರೀಖು ಬರೆದು, ಅಳತೆ ಕಚೇರಿಗೆ ಇಬ್ಬರೂ ಹೋದರು. ಭಾವ ಬರಲಿಲ್ಲ. ಕಚೇರಿ ಹೊಸ ಕಟ್ಟಡಕ್ಕೆ ಬಂದು ತಿಂಗಳಾಗಿತ್ತಷ್ಟೆ, ಕುರ್ಚಿಗಳ ಪ್ಲಾಸ್ಟಿಕ್ಕನ್ನೂ ಯಾರೂ ಬಿಚ್ಚಿರಲಿಲ್ಲ. ಅಧಿಕಾರಿಣಿ ಸಣ್ಣ ವಯಸ್ಸಿನವರು, ಮರ್ಯಾದೆಯಿಂದ ಕೂರಿಸಿದರು. ಮೂರು ಫೋಟೋಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರು ನೋಡುತ್ತಿದ್ದ ರೀತಿಗೆ ಸ್ಟುಡಿಯೋದವನಿಗೆ ಸ್ವಲ್ಪ ಆಸೆ ಹುಟ್ಟಿತು. ಆಸೆಯ ಜೊತೆಗೆ ಹಳೆಯ ಹೆಮ್ಮೆಯೂ ಎದ್ದಿತು, ಅದಕ್ಕೇನು ಹೊತ್ತುಗೊತ್ತು ಇರುತ್ತದೆಯೇ.

"ತುಂಬಾ ಚೆನ್ನಾಗಿದೆ," ಅಂದರು. "ಆದ್ರೆ ನೀರು ಎಲ್ಲಿ ಮುಗಿಯುತ್ತೆ ಇದ್ರಲ್ಲಿ?"

ಅವನು ಬೆರಳಿಟ್ಟು ತೋರಿಸಿದ. ಅವರು ಸ್ಕೇಲು ತೆಗೆದು, ಮನೆಯ ಮಚ್ಚೆಯಿಂದ ಆ ಬೆರಳಿನವರೆಗೆ ಇಟ್ಟು ಮನಸ್ಸಿನಲ್ಲೇ ಗುಣಿಸಿದರು. ಆಮೇಲೆ ಸ್ಕೇಲನ್ನು ಅಲೆ ಮರಳಾಗುವ ಜಾಗದ ಬಿಳಿ ಪಟ್ಟೆಯ ಮೇಲೆ ಇಟ್ಟರು. ಆ ಪಟ್ಟೆಯೇ ನಲವತ್ತು ಮೀಟರ್ ಬರುತ್ತದೆ, ಈಚೆ ಅಂಚು ಹಿಡಿದರೆ ಎಂಬತ್ತು, ಆಚೆ ಅಂಚು ಹಿಡಿದರೆ ನೂರಿಪ್ಪತ್ತು, ನಾನು ಯಾವುದನ್ನು ಬರೆಯಲಿ ನೀವೇ ಹೇಳಿ ಎಂದರು. ಆಚೆಯದೇ ಸರಿ, ನಾನು ಅಲ್ಲಿ ನಿಂತಿದ್ದೆ, ಬೇಕಾದರೆ ಬರೆದುಕೊಡುತ್ತೇನೆ ಎಂದ ಅವನು. ಅಣ್ಣತಮ್ಮಂದಿರು ಬರೆದುಕೊಟ್ಟದ್ದು ನಡೆಯುವುದಿಲ್ಲ ಎಂದರು ಅವರು. ಕಂಪ್ಯೂಟರಿನಲ್ಲಿ ಇದನ್ನು ಸ್ವಲ್ಪ ಸರಿ ಮಾಡಲು ಬರುವುದಿಲ್ಲವೇ ಎಂದು ತಾವಾಗಿಯೇ ಕೇಳಿದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ.

"ಬರಲ್ಲ ಮೇಡಂ," ಅಂದ ಅವನು. "ನೆಗೆಟಿವ್‌ನಲ್ಲೇ ಆ ಗೆರೆ ಬಿದ್ದಿಲ್ಲ. ಬೀಳಬಾರದು ಅಂತಾನೇ ತೆಗೆದಿದ್ದು."

ಅರ್ಜಿಯ ಮೇಲೆ ಅವರು ಎರಡು ಪದ ಬರೆದರು. ತಲೆಕೆಳಗಾಗಿ ಓದುವ ಅಭ್ಯಾಸ ಅವನಿಗಿತ್ತು. ಸ್ಪಷ್ಟತೆ ಇಲ್ಲ ಎಂದಿತ್ತು.

ಇವರು ಏಳುವಾಗ ಅಧಿಕಾರಿಣಿ ನಡುವಿನ ಫೋಟೋದ ಮೇಲೆ ಕೈಯಿಟ್ಟು, ಕೇಳುವುದೋ ಬೇಡವೋ ಎಂಬಂತೆ ತಡವರಿಸಿ, ಇದನ್ನು ಇಲ್ಲೇ ಬಿಟ್ಟುಹೋಗಬಹುದೇ ಎಂದರು. ಕಡತಕ್ಕಲ್ಲ, ಗೋಡೆಗಳೆಲ್ಲ ಬೋಳು ಬೋಳಾಗಿವೆ, ಎದುರಿಗೆ ಹಾಕಿಕೊಂಡರೆ ಕಣ್ಣಿಗೆ ತಂಪು ಎಂದರು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅಂದಳು, "ಇಟ್ಕೊಳ್ಳಿ."

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಇಂಥವರಿಗೆ ಫೋಟೋ ಯಾಕೆ ಕೊಟ್ಟೆ, ಅದರಿಂದ ಕೆಲಸ ಆಗುತ್ತದೆ ಅಂದುಕೊಂಡೆಯಾ ಎಂದು ಎರಡು ನಿಲ್ದಾಣ ದಾಟಿದ ಮೇಲೆ ಕೇಳಿದ. ಕೆಲಸಕ್ಕೇನಲ್ಲ ಎಂದಳು ಅಕ್ಕ. ಹುಡುಗಿ ಇಷ್ಟಪಟ್ಟು ಕೇಳಿದಳು, ನಿನ್ನ ಫೋಟೋ ಯಾರಾದರೂ ಇಷ್ಟಪಟ್ಟು ಕೇಳಿ ಎಷ್ಟು ವರ್ಷವಾಯಿತು ಹೇಳು. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಅವಳು ನಿದ್ದೆ ಹೋದಳು, ಅವಳ ತಲೆ ಅವನ ಭುಜಕ್ಕೆ ಬಂದು ಬಂದು ತಾಗುತ್ತಿತ್ತು.

ತಿರಸ್ಕಾರದ ಪತ್ರ ಇಪ್ಪತ್ತು ದಿನಕ್ಕೆ ಬಂತು. ಅಕ್ಕ ಭಾವ ಬೇರೆ ಎಲ್ಲಿಗೆ ಹೋಗುವುದು, ಸ್ಟುಡಿಯೋದ ಹಿಂದಿನ ಡಾರ್ಕ್‌ರೂಮಿಗೇ ಬರಲಿ ಎಂದಾಯಿತು. ಅವನೂ ಅವನ ಹೆಂಡತಿಯೂ ಸೇರಿ ಅಲ್ಲಿನ ತೊಟ್ಟಿ ಕಿತ್ತರು, ಕಿಟಕಿಗೆ ಬಳಿದಿದ್ದ ಕಪ್ಪು ಬಣ್ಣ ಕೆರೆದರು, ಮಂಚ ಹಿಡಿಯುವಷ್ಟು ಜಾಗ ಮಾಡಿದರು. ಏಳೂ ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ ಹೋದವು. ಭಾವ ಒಂದು ದಿನ ಬಂದು ಅಳತೆ ನೋಡಿ, ಬೀರು ಹಿಡಿಸುವುದಿಲ್ಲ ಎಂದು ಹೇಳಿ ಹೋದರು. ವ್ಯಾಸಲೀನ್ ಸಾಹೇಬ ಎಂದು ಕರೆಯಲಿಲ್ಲ. ಕರೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮನೆ ಕೆಡವುವ ದಿನ ಅವನು ಬೆಳಗ್ಗೆಯೇ ಕ್ಯಾಮೆರಾ ಹಿಡಿದುಕೊಂಡು ಹೋದ. ಹಳೆಯ ಕ್ಯಾಮೆರಾ, ಒಳ್ಳೆಯ ಫಿಲ್ಮ್, ಬಟ್ಟೆಯಲ್ಲಿ ಮೂರು ಸಲ ಒರೆಸಿದ ಲೆನ್ಸ್. ಈ ಸಲ ಒಂದು ಗೆರೆಯನ್ನೂ ಬಿಡಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದ. ಯಂತ್ರ ಬಂದು ಪಕ್ಕದ ಮನೆಯ ಹತ್ತಿರ ನಿಂತಿತ್ತು, ಅದರ ಚಾಲಕ ಬಾಳೆಹಣ್ಣು ತಿನ್ನುತ್ತಿದ್ದ. ಭಾವ ಕಿತ್ತ ಕಿಟಕಿಯ ಚೌಕಟ್ಟನ್ನು ಗಾಡಿಗೆ ಹೇರುತ್ತಿದ್ದರು. ಬಾಗಿಲು ಆಗಲೇ ಗಾಡಿ ಸೇರಿತ್ತು.

ಅಕ್ಕ ಬಾಗಿಲಿಲ್ಲದ ಬಾಗಿಲಲ್ಲಿ ನಿಂತಳು. ಕೂದಲು ಸರಿ ಮಾಡಿಕೊಂಡು, ಅವನು ಕ್ಯಾಮೆರಾ ಎತ್ತುವುದನ್ನು ನೋಡಿ, ಕೈ ಅಡ್ಡ ಹಿಡಿದಳು.

"ಹಾಗೆ ಬೇಡ. ನಿನ್ನ ಥರ ತೆಗಿ."

"ನನ್ನ ಥರ ಅಂದ್ರೆ?"

"ಅದೇ, ಮಸುಕು ಮಸುಕಾಗಿ. ಗೋಡೆ ಬಿರುಕು ಬಿಟ್ಟಿದೆ, ನನ್ನ ಮುಖ ಹೀಗಿದೆ. ಇದನ್ನೆಲ್ಲ ಇಟ್ಕೊಂಡು ನಾನೇನ್ ಮಾಡ್ಲಿ?"

ಅವನ ಹತ್ತಿರ ವ್ಯಾಸಲೀನ್ ಇರಲಿಲ್ಲ, ಸವರುವ ಗಾಜೂ ಇರಲಿಲ್ಲ. ಸುತ್ತ ನೋಡಿದ. ಆಮೇಲೆ ಕ್ಯಾಮೆರಾವನ್ನು ಬಾಯಿಯ ಹತ್ತಿರ ತಂದು ಲೆನ್ಸಿನ ಮೇಲೆ ಹಾ ಎಂದು ಉಸಿರು ಬಿಟ್ಟು ಕಣ್ಣಿಗೆ ಹಿಡಿದ. ಒಳಗೆ ಬರೀ ಬಿಳುಪು. ಒಂದೆರಡು ಕ್ಷಣದಲ್ಲಿ ಬಿಳುಪು ತೆಳ್ಳಗಾಗಿ ಮನೆ ಕಾಣಿಸಿತು, ಮೆತ್ತಗೆ, ಹದಿನೆಂಟು ವರ್ಷದ ಹಿಂದೆ ಇದ್ದ ಹಾಗೆ, ಬಾಗಿಲಲ್ಲಿ ಅಕ್ಕ. ಬೆರಳು ಗುಂಡಿಯ ಮೇಲೇ ಇತ್ತು. ಉಸಿರು ಅಂಚಿನಿಂದ ಒಳಗೆ ಆರುತ್ತ ಬಂತು. ಗೋಡೆಯ ಬಿರುಕು ಮೂಡಿತು, ಕಿತ್ತ ಚೌಕಟ್ಟಿನ ಮೊಳೆಗಳು ಮೂಡಿದವು, ಕೊನೆಗೆ ಅಕ್ಕನ ಕಣ್ಣು.

"ಆಯ್ತೇನಪ್ಪಾ?" ಗಾಡಿಯ ಹತ್ತಿರದಿಂದ ಭಾವ ಕೇಳಿದರು.

"ಇಲ್ಲ ಭಾವ, ಒಂದ್ನಿಮಿಷ," ಎಂದು ಅವನು ಕ್ಯಾಮೆರಾ ಇಳಿಸಿ ಗಾಜಿಗೆ ಮತ್ತೆ ಉಸಿರು ಬಿಟ್ಟ. ಅಕ್ಕ ಕದಲದೆ ನಿಂತಿದ್ದಳು. ಆಚೆ ಯಂತ್ರದ ಚಾಲಕ ಸಿಪ್ಪೆ ಎಸೆದು, ಕೈ ಒರೆಸಿಕೊಂಡು, ತನ್ನ ಜಾಗಕ್ಕೆ ಹತ್ತಿದ.